ಹೊಗೆಯ ಹಿಂದಿನ ಬಾಡಿಗೆ



ಕರ್ನಾಟಕದ ವಿಧಾನಮಂಡಲವು 2024ರ ಫೆಬ್ರವರಿಯಲ್ಲಿ ಅಂಗೀಕರಿಸಿದ ತಂಬಾಕು ನಿಯಂತ್ರಣದ ತಿದ್ದುಪಡಿಯು ರಾಷ್ಟ್ರಪತಿಗಳ ಅಂಕಿತವನ್ನು ಪಡೆದು, 2025ರ ಮೇ ತಿಂಗಳ ಕೊನೆಯಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಗಿ ಕಾನೂನಾಯಿತು. ಆ ಸುದ್ದಿ ಅಚ್ಚಾದ ದಿನ ಭಕ್ತರೊಬ್ಬರು ಪತ್ರಿಕೆಯನ್ನು ಕೈಯಲ್ಲಿ ಹಿಡಿದೇ ಮಠಕ್ಕೆ ಬಂದರು. "ಅಜ್ಜಾರ, ಇಷ್ಟು ವರ್ಷ ನೀವು ಹೇಳಿದ್ದನ್ನ ಈಗ ಸರಕಾರ ಮಾಡಿತು ನೋಡ್ರಿ" ಎಂದು ಸಂತೋಷದಿಂದ ನಮಸ್ಕರಿಸಿದರು. ಪ್ರಸಾದ ಕೊಟ್ಟು ಕಳುಹಿಸಿದೆವು. ಆದರೆ ಅವರ ಸಂತೋಷದಲ್ಲಿ ಪಾಲು ಪಡೆಯುವುದು ನಮ್ಮಿಂದಾಗಲಿಲ್ಲ. ಅವರು ಕುಳಿತಿದ್ದ ಜಗುಲಿಯಿಂದ ನೇರವಾಗಿ ಕಾಣುವಂತೆ, ಬೀದಿಯ ಆಚೆ ಬದಿಯಲ್ಲಿದ್ದ ಮಠದ ಸ್ವಂತ ಮಳಿಗೆಯೊಂದರಲ್ಲಿ, ಪಾನ್ ಮಸಾಲೆಯ ಚೀಟಿಗಳು ಸರಸರವಾಗಿ ತೂಗುತ್ತಿದ್ದವು.

ಈ ಕಾನೂನು ಹೇಳುವುದನ್ನು ಮೊದಲು ತಿಳಿದುಕೊಳ್ಳೋಣ. ಇಪ್ಪತ್ತೊಂದು ವರ್ಷ ತುಂಬದವರಿಗೆ ತಂಬಾಕಿನ ಯಾವ ಪದಾರ್ಥವನ್ನೂ ಮಾರಕೂಡದು. ಹಿಂದೆ ಈ ಮಿತಿ 18 ವರ್ಷದ್ದಾಗಿತ್ತು. ವಿದ್ಯಾಸಂಸ್ಥೆಗಳಿಂದ 100 ಮೀಟರ್ ಒಳಗೆ ಮಾರಕೂಡದು. ಪೊಟ್ಟಣವನ್ನು ಒಡೆದು ಒಂದೊಂದಾಗಿ ಮಾರಕೂಡದು. ಸಾರ್ವಜನಿಕ ಸ್ಥಳದಲ್ಲಿ ಸೇದುವುದಷ್ಟೇ ಅಲ್ಲ, ತಂಬಾಕನ್ನು ಅಗಿದು ಉಗುಳುವುದೂ ಅಪರಾಧ. 200 ರೂಪಾಯಿಯಿದ್ದ ದಂಡ 1,000 ರೂಪಾಯಿಗೇರಿದೆ. ಹುಕ್ಕಾ ಬಾರುಗಳನ್ನು ನಡೆಸಿದವರಿಗೆ ಒಂದರಿಂದ ಮೂರು ವರ್ಷದ ಸೆರೆವಾಸ ಮತ್ತು 50,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ. ಇವೆಲ್ಲ ಒಳ್ಳೆಯ ಮಾತುಗಳೇ. ಹುಕ್ಕಾದ ಸಂಗತಿ ದೊಡ್ಡ ನಗರಗಳದು, ಅದನ್ನು ಬಿಡೋಣ. ನಮ್ಮ ಊರುಗಳಿಗೆ ಸಂಬಂಧಿಸಿದ್ದು ಉಳಿದ ಭಾಗ.

ಆದರೆ ಇದು ಮೊದಲ ಕಾನೂನೇನಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಇತರರ ಬದುಕುವ ಹಕ್ಕಿಗೇ ಧಕ್ಕೆಯೆಂದು ಕೇರಳದ ಉಚ್ಚ ನ್ಯಾಯಾಲಯ 1999ರಲ್ಲಿಯೇ ತೀರ್ಪು ಕೊಟ್ಟಿತು. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಸ್ಸು, ರೈಲು, ಆಸ್ಪತ್ರೆ, ಗ್ರಂಥಾಲಯ ಮೊದಲಾದೆಡೆ ಧೂಮಪಾನವನ್ನು ತಡೆಯಲು ಇಡೀ ದೇಶಕ್ಕೆ ಆಜ್ಞೆ ಮಾಡಿತು. 2003ರಲ್ಲಿ ಸಂಸತ್ತು ಕಾನೂನನ್ನೇ ಮಾಡಿತು. ಶಾಲೆಯಿಂದ ನೂರು ಗಜದೊಳಗೆ ಮಾರಬಾರದೆಂಬ ಮಾತು ಅಂದಿನದೇ. 2008ರ ಗಾಂಧೀ ಜಯಂತಿಯಿಂದ ಹೊಸ ನಿಯಮಗಳು ಜಾರಿಗೆ ಬಂದವು. 2013ರ ಮೇ ಕೊನೆಯಲ್ಲಿ ನಮ್ಮ ರಾಜ್ಯ ಗುಟ್ಕಾವನ್ನು ನಿಷೇಧಿಸಿತು. ನಿಷೇಧವಾದ ಮೇಲೆ ಆದದ್ದೇನು? ಅಡಿಕೆ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಎಂದು ಎರಡಾಗಿ ಬಂದವು. ಮೊದಲು ಕಾರಖಾನೆಯಲ್ಲಿ ಬೆರೆಯುತ್ತಿದ್ದುದು ಈಗ ತಿನ್ನುವವನ ಅಂಗೈಯಲ್ಲಿ ಬೆರೆಯುತ್ತದೆ, ಅಷ್ಟೇ.

ಇಷ್ಟು ವರ್ಷ ಕಾನೂನುಗಳಿದ್ದೂ ಬಸ್ ನಿಲ್ದಾಣದ ಮೂಲೆ ಕೆಂಪಾಗಿಯೇ ಉಳಿದದ್ದೇಕೆ ಎಂದು ಕೇಳಿದರೆ ಎಲ್ಲರ ಬೆರಳೂ ಪೊಲೀಸರ ಕಡೆಗೆ ತಿರುಗುತ್ತದೆ. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಆ ಬೆರಳನ್ನು ಇನ್ನೊಂದು ದಿಕ್ಕಿಗೆ ತಿರುಗಿಸಬೇಕೆಂಬುದೇ ಈ ಲೇಖನದ ಉದ್ದೇಶ.

ನಾವು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕವನ್ನು ಓದಿದವರು. ದೂರದ ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದೇ ಅನುಮಾನ ಪ್ರಮಾಣದ ಮೊದಲ ಪಾಠ. ಹಾಗೆಂದು ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂದಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ ಎಂಬುದು ಎರಡನೆಯ ಪಾಠ. (ಅಗಿಯುವ ತಂಬಾಕು ಈ ಎರಡನೆಯ ಜಾತಿಯದು. 2016-17ರ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ವಯಸ್ಕರಲ್ಲಿ ಸೇದುವವರು ನೂರಕ್ಕೆ 8.8 ಆದರೆ ಹೊಗೆಯಿಲ್ಲದ ತಂಬಾಕಿನವರು 16.3. ಧೂಮಪಾನ ನಿಷೇಧವೆಂಬ ಮಾತು ನಮ್ಮ ನಾಡಿನ ರೋಗದ ಅರ್ಧವನ್ನೂ ಮುಟ್ಟುವುದಿಲ್ಲ.) ಈ ಪಾಠ ಹೇಳುವಾಗ ನಮ್ಮ ಪಂಡಿತರು ವಾಕ್ಯಕ್ಕೊಮ್ಮೆ ನಿಂತು, ಸೊಂಟದಿಂದ ಬೆಳ್ಳಿಯ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯವನ್ನು ಏರಿಸುತ್ತಿದ್ದರು. ಡಬ್ಬಿ ಬರಿದಾದಾಗ ಪೇಟೆಗೆ ಓಡುತ್ತಿದ್ದವರು ವಟುಗಳಾದ ನಾವೇ. ನಶ್ಯವೂ ತಂಬಾಕೇ ಎಂದು ನಮಗೆ ತಿಳಿದದ್ದು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೇಲೆ.

ಇರಲಿ. ನಮ್ಮ ಪ್ರಶ್ನೆ ಇದು: ಹೊಗೆಯಿಂದ ಬೆಂಕಿಯನ್ನು ಊಹಿಸಬಲ್ಲ ನಾವು ಹೊಗೆಯಿಂದ ಬಾಡಿಗೆಯನ್ನು ಊಹಿಸಲಾರೆವೇ? ಹದಿನೈದರ ಹುಡುಗನ ಬಾಯಿಂದ ಹೊಗೆ ಬಂದರೆ ಹತ್ತಿರದಲ್ಲೊಂದು ಗೂಡಂಗಡಿಯಿದೆ. ಗೂಡಂಗಡಿ ಆಕಾಶದಲ್ಲಿ ನಿಂತಿಲ್ಲ. ಅದು ನಿಂತ ನೆಲಕ್ಕೆ ಒಡೆಯನೊಬ್ಬನಿದ್ದಾನೆ. ಆ ಒಡೆಯನು ಎಷ್ಟೋ ಊರುಗಳಲ್ಲಿ ಪಂಚಾಯತಿ, ಪುರಸಭೆ, ಮಾರುಕಟ್ಟೆ ಸಮಿತಿ, ಶಾಲೆಯ ಆಡಳಿತ ಮಂಡಳಿ, ದೇವಸ್ಥಾನದ ಟ್ರಸ್ಟು, ಇಲ್ಲವೇ ಮಠ. ತಿಂಗಳ ಮೊದಲ ವಾರದಲ್ಲಿ ಪಾವತಿ ಹರಿದುಕೊಟ್ಟು ಹಣ ಎಣಿಸಿಕೊಳ್ಳುವವರು ನಾವು.

ಇತರರ ಮಠದ ಮಾತನ್ನು ನಾವೇಕೆ ಆಡಬೇಕು? ನಮ್ಮದನ್ನೇ ಹೇಳುತ್ತೇವೆ. ಮಠದ ಎದುರಿನ ಮಳಿಗೆಗಳ ಸಾಲಿನಲ್ಲಿ ಎರಡು ಪಾನ್ ಅಂಗಡಿಗಳಿದ್ದವು. ಒಂದರ ಹೊಸ್ತಿಲಿನಿಂದ ಮಠದ ಪ್ರೌಢಶಾಲೆಯ ಗೇಟಿನವರೆಗೆ ನಾವೇ ಹೆಜ್ಜೆಯಿಟ್ಟು ಅಳೆದೆವು. ಅರವತ್ತೆರಡು ಹೆಜ್ಜೆ. ಅಂದರೆ ಹೊಸ ಕಾನೂನನ್ನು ಮಾತ್ರವಲ್ಲ, 2003ರ ಕಾನೂನನ್ನೂ ನಾವು ಇಪ್ಪತ್ತು ವರ್ಷಕ್ಕೂ ಮೀರಿ, ಪ್ರತಿ ತಿಂಗಳೂ ರಸೀತಿ ಸಹಿತವಾಗಿ ಮುರಿದಿದ್ದೇವೆ. ಆ ಬಾಡಿಗೆಯನ್ನು ಮಠದ ಖಾತೆಯಲ್ಲಿ ಬರೆಯುತ್ತಿದ್ದ ಗುಮಾಸ್ತರು ಪರಮ ಸಾತ್ವಿಕರು, ಒಂದು ಪೈಸೆಯ ಲೆಕ್ಕ ತಪ್ಪಿದವರಲ್ಲ. ಅವರಿಗೆ ಎಲೆ, ಸುಣ್ಣ, ತಂಬಾಕಿನ ಅಭ್ಯಾಸ. ಕೊಳ್ಳುತ್ತಿದ್ದುದು ಅದೇ ಅಂಗಡಿಯಲ್ಲಿ. ಎಡಗೆನ್ನೆಯ ಒಳಗೆ ಹುಣ್ಣಾಗಿ, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ದವಡೆಯ ಒಂದು ಭಾಗವನ್ನೇ ತೆಗೆದರು. ಹಿಂದಿರುಗಿ ಬಂದವರು ಮಾತನಾಡಲಾರದೆ ಶಾಲೆಯ ಪಾಟಿಯ ಮೇಲೆ ಬರೆದು ತೋರಿಸಿದ್ದು ತಮ್ಮ ನೋವಿನ ಸಂಗತಿಯನ್ನಲ್ಲ. 'ಮೂರನೇ ನಂಬರು ಮಳಿಗೆಯ ಎರಡು ತಿಂಗಳ ಬಾಕಿ ವಸೂಲಾಯಿತೇ?' ಎಂದು. 2019ರಲ್ಲಿ ಅವರು ಲಿಂಗೈಕ್ಯರಾದರು. ಮೂರನೇ ನಂಬರೇ ಆ ಪಾನ್ ಅಂಗಡಿ.

ಅವರ ಕ್ರಿಯೆಯ ದಿನವೇ ಆ ಅಂಗಡಿಯನ್ನು ಬಿಡಿಸಬೇಕಾಗಿತ್ತು. ಬಿಡಿಸಲಿಲ್ಲ. ಮುಂದೆ ಆರು ವರ್ಷ ಬಾಡಿಗೆ ತೆಗೆದುಕೊಂಡೆವು. ಇದನ್ನು ಮುಚ್ಚಿಟ್ಟು ಸರಕಾರಕ್ಕೂ ಪೊಲೀಸರಿಗೂ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ.

ಈಗ ಆಕ್ಷೇಪಗಳನ್ನು ನೋಡೋಣ. ಓದಿದ ತರುಣರು ಸ್ವಾತಂತ್ರ್ಯದ ಮಾತೆತ್ತುತ್ತಾರೆ. ನನ್ನ ದೇಹ, ನನ್ನ ಹಣ, ತಡೆಯಲು ಸರಕಾರ ಯಾರು ಎನ್ನುತ್ತಾರೆ. ನಿನ್ನ ಹೊಗೆ ನಿನ್ನ ದೇಹದೊಳಗೇ ನಿಲ್ಲುವುದಾದರೆ ಈ ವಾದವನ್ನು ಕೇಳೋಣ. ಅದು ಪಕ್ಕದಲ್ಲಿ ಕುಳಿತ ಬಸುರಿ ಹೆಂಗಸಿನ ಉಸಿರಿನಲ್ಲಿಯೂ ಸೇರುತ್ತದೆ. ತಂಬಾಕಿನಿಂದ ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕವರು ತಾವು ಸೇದದೆ ಇತರರ ಹೊಗೆಯನ್ನು ಕುಡಿದವರು. ಅವರ ಸ್ವಾತಂತ್ರ್ಯದ ವಕಾಲತ್ತನ್ನು ಯಾರು ವಹಿಸಿದ್ದಾರೆ? ಇನ್ನು ಹದಿನಾರರಲ್ಲಿ ಹಿಡಿದ ಚಟವನ್ನು ಮೂವತ್ತರಲ್ಲಿ ಬಿಡಲಾರದೆ ಒದ್ದಾಡುವವನನ್ನು ಸ್ವತಂತ್ರನೆಂದು ಕರೆಯುವುದು ಶಬ್ದಕ್ಕೇ ಮಾಡುವ ಅಪಚಾರ.

ಎರಡನೆಯದು ಸಂಪ್ರದಾಯದ ವಾದ. ಎಲೆ ಅಡಿಕೆ ನಮ್ಮ ಹಿರಿಯರದು, ಅದಕ್ಕೆ ಕೈಯಿಕ್ಕಬೇಡಿರಿ ಎನ್ನುತ್ತಾರೆ. ತಾಂಬೂಲ ಪ್ರಾಚೀನವಾದುದು, ಒಪ್ಪಿದೆವು. ಆದರೆ ತಂಬಾಕು ಪರದೇಶದ ಗಿಡ. ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಹನ್ನೆರಡನೆಯ ಶತಮಾನದ ಶರಣರು ಅದನ್ನು ನಿಷೇಧಿಸಲಿಲ್ಲವೆಂದು ಒಬ್ಬರು ನಮ್ಮೊಡನೆ ವಾದಿಸಿದ್ದುಂಟು. ಕಣ್ಣಿಂದಲೇ ಕಾಣದ ಗಿಡವನ್ನು ಅವರು ಹೇಗೆ ನಿಷೇಧಿಸಬೇಕಾಗಿತ್ತು! ಇತಿಹಾಸದ ಒಂದು ಸಂಗತಿ ನಮ್ಮ ಭಾಗದವರಿಗೆ ತಿಳಿದಿರಬೇಕು. ಅಕ್ಬರನ ಆಸ್ಥಾನದ ಅಸದ್ ಬೇಗನೆಂಬವನು 1604ರ ಸುಮಾರಿಗೆ ರಾಯಭಾರದ ಮೇಲೆ ವಿಜಾಪುರಕ್ಕೆ ಬಂದಿದ್ದನು. ತಾನು ಹಿಂದೆಂದೂ ಕಾಣದ ತಂಬಾಕನ್ನು ಅಲ್ಲಿ ಕಂಡು, ಅದನ್ನೂ ಸೇದುವ ಸಾಧನವನ್ನೂ ಒಯ್ದು ಬಾದಶಹನಿಗೆ ಕಾಣಿಕೆಯಾಗಿತ್ತನು. ವೈದ್ಯರು ಬೇಡವೆಂದರು. ಅಕ್ಬರನು ಒಮ್ಮೆ ಎಳೆದು ನೋಡಿದನೇ ಹೊರತು ಅಭ್ಯಾಸ ಮಾಡಿಕೊಳ್ಳಲಿಲ್ಲ. ಸರದಾರರು ಮಾತ್ರ ಮುಗಿಬಿದ್ದು ಕೇಳಿದರು, ವರ್ತಕರು ಮಾರತೊಡಗಿದರು. ಅವನ ಮಗ ಜಹಾಂಗೀರನು 1617ರಲ್ಲಿ ನಿಷೇಧ ಹೊರಡಿಸಬೇಕಾಯಿತು. ಆಗಲೂ ಆಜ್ಞೆ ಹೊರಟಿತು, ತಂಬಾಕು ಉಳಿಯಿತು. ಬಸವಣ್ಣನವರು ಹುಟ್ಟಿದ ಸೀಮೆಯ ಪೇಟೆಯಿಂದ ದೆಹಲಿ ಆಗ್ರಾಗಳ ದರಬಾರಿಗೆ ಹೋದ ಉಡುಗೊರೆ ಇದು. ನಾಲ್ಕುನೂರು ವರ್ಷದ ಚಟವನ್ನು ಸನಾತನವೆಂದು ಕರೆಯಬೇಕಾಗಿಲ್ಲ.

ಮೂರನೆಯದು ರೈತನ ಹೆಸರಿನಲ್ಲಿ ಬರುವ ಆಕ್ಷೇಪ. ಇದನ್ನು ಹಗುರಾಗಿ ತಳ್ಳಿಹಾಕಲಾಗದು. ಹುಣಸೂರು, ಪಿರಿಯಾಪಟ್ಟಣದ ಕಡೆ ವರ್ಜೀನಿಯಾ ತಂಬಾಕಿನ ಬೆಳೆ, ನಿಪ್ಪಾಣಿಯ ಸುತ್ತ ಬೀಡಿಯ ತಂಬಾಕು. 1981ರಲ್ಲಿ ನಿಪ್ಪಾಣಿಯ ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತು ಗುಂಡೇಟು ತಿಂದದ್ದನ್ನು ಈ ಭಾಗದ ಹಿರಿಯರು ಮರೆತಿಲ್ಲ. ತಂಬಾಕಿನ ಧೂಳಿನಲ್ಲಿ ದಿನವಿಡೀ ಕುಳಿತು ಬೀಡಿ ಕಟ್ಟುವ ತಾಯಂದಿರ ಕೆಮ್ಮನ್ನು ನಾವು ಕಿವಿಯಾರೆ ಕೇಳಿದ್ದೇವೆ. ಆದರೆ ಈ ಕಾನೂನು ಯಾರ ಹೊಲದ ಬೆಳೆಯನ್ನೂ ಕೀಳುವುದಿಲ್ಲ. ಶಾಲೆಯ ಬಾಗಿಲಲ್ಲಿ ಮಾರಬೇಡ, ಮಕ್ಕಳಿಗೆ ಮಾರಬೇಡ ಎಂದಷ್ಟೇ ಹೇಳುತ್ತದೆ. ಶಾಲೆಯ ಮಕ್ಕಳು ಕೊಳ್ಳದಿದ್ದರೆ ರೈತ ಹಾಳಾಗುತ್ತಾನೆ ಎನ್ನುವವರು ರೈತನನ್ನು ಗುರಾಣಿ ಮಾಡಿಕೊಂಡು ಅವನ ಹಿಂದೆ ಅಡಗಿದ ದೊಡ್ಡ ವ್ಯಾಪಾರಸ್ಥರು. ರೈತನಿಗೆ ಬೇರೆ ಬೆಳೆಯ ದಾರಿ ತೋರಿಸಬೇಕಾದದ್ದು ಸರಕಾರ. 1976ರಲ್ಲಿ ತಂಬಾಕು ಮಂಡಳಿಯನ್ನು ಸ್ಥಾಪಿಸಿ, ಬೆಳೆಯಲು ಪರವಾನಗಿ ಕೊಟ್ಟು, ಹರಾಜು ಕಟ್ಟೆಯನ್ನು ನಡೆಸುವುದೂ ಸರಕಾರವೇ. ಒಂದು ಕೈಯಲ್ಲಿ ಹರಾಜಿನ ಸುತ್ತಿಗೆ, ಇನ್ನೊಂದರಲ್ಲಿ ದಂಡದ ಪುಸ್ತಕ. ಇದನ್ನು ಹೇಳದೆ ಬಿಟ್ಟರೆ ನಾವು ಪಕ್ಷಪಾತಿಗಳಾದೇವು. ದೊಡ್ಡ ಹೋಟೆಲುಗಳಲ್ಲಿಯೂ ವಿಮಾನ ನಿಲ್ದಾಣಗಳಲ್ಲಿಯೂ ಸೇದುವವರಿಗೆ ಪ್ರತ್ಯೇಕ ಕೋಣೆಯ ಸೌಕರ್ಯವಿರುವಾಗ, ಬಸ್ ನಿಲ್ದಾಣದಲ್ಲಿ ಬೀಡಿ ಹಚ್ಚಿದ ಕೂಲಿಯವನಿಗೆ ಮಾತ್ರ 1,000 ರೂಪಾಯಿ ಎಂಬುದೂ ನಮಗೆ ಸರಿಕಾಣದು. ಏಲಕ್ಕಿಯ ಹೆಸರಿಟ್ಟು ಸಿನಿಮಾ ನಟರಿಂದ ಜಾಹೀರಾತು ಮಾಡಿಸುವವರನ್ನು ಮುಟ್ಟಲು ಯಾರಿಗೂ ಧೈರ್ಯವಿಲ್ಲ.

ನಮ್ಮನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಅಂಗಡಿಕಾರನ ಮಾತು. ಮೂರನೇ ನಂಬರಿನ ಬಾಡಿಗೆದಾರನನ್ನು ಕರೆಸಿ, ತಂಬಾಕು ಬಿಟ್ಟು ಹಣ್ಣು ಕಾಯಿ ಮಾರಪ್ಪಾ ಎಂದೆವು. ಅವನು ಕೈಮುಗಿದು ಹೇಳಿದನು: "ಅಜ್ಜಾರ, ಬಾಳಿಹಣ್ಣು ಸಂಜೀಕ ಉಳಿದ್ರ ಮುಂಜಾನಿ ಕೊಳೀತದ. ಸಿಗರೇಟು ಕೊಳಿಯೂದಿಲ್ಲ. ನಿಮ್ಮ ಬಾಡಿಗಿ ಮಾತ್ರ ಕೊಳಿತ ಹಣ್ಣಿಗೂ ಅಷ್ಟ, ಸಿಗರೇಟಿಗೂ ಅಷ್ಟ ಐತ್ರಿ."

ತತ್ಕ್ಷಣ ನಮ್ಮಲ್ಲಿ ಉತ್ತರವಿರಲಿಲ್ಲ. ರಾತ್ರಿ ಮಠದ ಖಾತೆಯನ್ನು ತರಿಸಿ ನೋಡಿದೆವು. ಹತ್ತು ವರ್ಷದಲ್ಲಿ ಆ ಮಳಿಗೆಯ ಬಾಡಿಗೆಯನ್ನು ನಾಲ್ಕು ಸಲ ಏರಿಸಿದ್ದೆವು. ಪ್ರತಿಸಲವೂ ಅವನು ಮರುಮಾತಿಲ್ಲದೆ ಒಪ್ಪಿದ್ದನು. ಸಾಲಿನ ಬಟ್ಟೆಯಂಗಡಿಯವನೂ ಕಿರಾಣಿಯವನೂ ಜಗಳವಾಡಿ ಕಡಿಮೆ ಮಾಡಿಸಿಕೊಂಡಿದ್ದರು. ಇವನೇಕೆ ಒಪ್ಪಿದನೆಂದು ಆಗ ನಾವು ಯೋಚಿಸಲಿಲ್ಲ. ಪೊಟ್ಟಣ ಒಡೆದು ಒಂದೊಂದಾಗಿ ಮಾರಿದರೆ ಲಾಭ ಹೆಚ್ಚು. ಹಾಗೆ ಒಂದೇ ಒಂದನ್ನು ಕೊಳ್ಳುವವನು ಯಾರು? ಪೂರ್ತಿ ಪೊಟ್ಟಣಕ್ಕೆ ಹಣವಿಲ್ಲದ, ಪೊಟ್ಟಣವನ್ನು ಮನೆಯಲ್ಲಿ ಬಚ್ಚಿಡಲಾರದ ಶಾಲೆಯ ಹುಡುಗ. ಮಠವು ಏರಿಸಿದ ಬಾಡಿಗೆಯನ್ನು ಕಟ್ಟಿದವನು ಅಂಗಡಿಕಾರನಲ್ಲ, ನಮ್ಮದೇ ಶಾಲೆಯ ಹುಡುಗ. ಬಿಡಿಯಾಗಿ ಮಾರಬಾರದೆಂಬ ಆ ಒಂದು ಮಾತು ಈ ಕಾನೂನಿನ ಜೀವಾಳವೆಂದು ನಾವು ಹೇಳುವುದು ಇದಕ್ಕಾಗಿಯೇ. ಹಾಗೆಯೇ ಸಂಜೆ ಐದು ವರ್ಷದ ಮಗುವಿನ ಕೈಗೆ ಹಣ ಕೊಟ್ಟು, ಅಪ್ಪನಿಗೆ ಒಂದು ಕಟ್ಟು ಬೀಡಿ ತಾ ಎಂದು ಕಳುಹಿಸುವ ತಂದೆತಾಯಿಗಳೂ ಇದನ್ನು ಗಮನಿಸಬೇಕು. ಯಾರಿಗಾಗಿ ಎಂದು ಕಾನೂನು ಕೇಳುವುದಿಲ್ಲ, ಯಾರ ಕೈಗೆ ಎಂದು ಕೇಳುತ್ತದೆ.

ಕೊನೆಯ ಆಕ್ಷೇಪ ನಮ್ಮವರದೇ. ಕೆಲವು ಸ್ವಾಮಿ ಮಿತ್ರರು, ಇದು ಮನಃಪರಿವರ್ತನೆಯ ಕೆಲಸ, ಕಾನೂನಿನದಲ್ಲ ಎನ್ನುತ್ತಾರೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು, ನಿಮ್ಮ ಚಟಗಳನ್ನು ಭಿಕ್ಷೆ ನೀಡಿರೆಂದು ಮನೆಮನೆಯ ಮುಂದೆ ನಿಂತವರು. 2018ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಆ ಜೋಳಿಗೆ ಕೆಳಗಿಳಿಯಲಿಲ್ಲ. ಅವರ ಮಾರ್ಗಕ್ಕೆ ನಾವು ಶರಣು. ನಾವೂ ಶ್ರಾವಣದಲ್ಲಿ ಜೋಳಿಗೆ ಹಿಡಿದು ಓಣಿಗಳಲ್ಲಿ ತಿರುಗಿದ್ದೇವೆ. ಬೀಡಿಯ ಕಟ್ಟು, ಗುಟ್ಕಾದ ಚೀಟಿ, ಸುಣ್ಣದ ಡಬ್ಬಿಗಳು ಅದರಲ್ಲಿ ಬಿದ್ದಿವೆ. ಆದರೆ ಮಠದಲ್ಲಿ ಆಣೆ ಮಾಡಿ ತಂಬಾಕನ್ನು ಜೋಳಿಗೆಗೆ ಹಾಕಿದವನು ಹೊರಬಾಗಿಲು ದಾಟಿದೊಡನೆ ಎದುರಿಗೆ ಕಂಡದ್ದು ಮೂರನೇ ನಂಬರಿನ ಮಳಿಗೆ. ಅದರ ನೆತ್ತಿಯ ಮೇಲೆ ಮಠದ ಹೆಸರಿನ ಕಲ್ಲು. ಒಂದು ಕೈಯಿಂದ ಬೇಡಿದ್ದನ್ನು ಇನ್ನೊಂದು ಕೈಯಿಂದ ಮಾರಿದವರು ಮನಃಪರಿವರ್ತನೆಯ ಮಾತನ್ನಾಡಿದರೆ ಕೇಳುವವನು ನಗುವುದಿಲ್ಲವೇ? ಉಪದೇಶವು ಬಿಡಬೇಕೆಂದವನಿಗೆ ಬಲ ಕೊಡುತ್ತದೆ. ಇನ್ನೂ ಹಿಡಿಯದ ಹುಡುಗನಿಗೆ ಬೇಕಾದದ್ದು ಅಂಗಡಿಯಿಂದ ದೂರ. 2009-10ರಲ್ಲಿ ರಾಜ್ಯದ ವಯಸ್ಕರಲ್ಲಿ ನೂರಕ್ಕೆ 28.2 ಮಂದಿ ತಂಬಾಕು ಬಳಸುತ್ತಿದ್ದರು. 2016-17ಕ್ಕೆ ಅದು 22.8ಕ್ಕೆ ಇಳಿದಿತ್ತು. ಅರೆಬರೆ ಜಾರಿಯಾದ ಕಾನೂನಿದ್ದ ಕಾಲದಲ್ಲಿಯೇ ಇಷ್ಟು ಇಳಿದಿತ್ತೆಂಬುದನ್ನು ಮಿತ್ರರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2008ರ ನಿಯಮಗಳಲ್ಲಿ ಒಂದು ಮಾತಿದೆ, ಅದನ್ನು ಓದಿದವರು ಕಡಿಮೆ. ಸಾರ್ವಜನಿಕ ಸ್ಥಳದಲ್ಲಿ ಸೇದಿದವನಷ್ಟೇ ಅಲ್ಲ, ಆ ಸ್ಥಳದ ಒಡೆಯನೂ ವ್ಯವಸ್ಥಾಪಕನೂ ಹೊಣೆಗಾರರು. ನಿಷೇಧದ ಫಲಕ ಹಾಕುವುದು, ಬೂದಿತಟ್ಟೆ ಬೆಂಕಿಪೊಟ್ಟಣಗಳನ್ನು ಒದಗಿಸದಿರುವುದು ಅವರ ಕರ್ತವ್ಯ. ತಪ್ಪಿದರೆ ಅವರಿಗೂ ದಂಡ. ಬೆರಳನ್ನು ಒಡೆಯನ ಕಡೆಗೆ ತಿರುಗಿಸುವ ಕೆಲಸವನ್ನು ಕಾನೂನು ಹೀಗೆ ಮೊದಲೇ ಮಾಡಿದೆ. ನಮ್ಮ ಕಲ್ಯಾಣ ಮಂಟಪದಲ್ಲಿ ಬೀಗರ ಮುಂದೆ ಎಲೆ ಅಡಿಕೆಯ ತಟ್ಟೆಯಲ್ಲಿ ಸಿಗರೇಟನ್ನೂ ಜೋಡಿಸಿಡುವ ಪದ್ಧತಿಯನ್ನು ಕಂಡೂ ಕಾಣದಂತಿದ್ದವರು ನಾವು. ಆ ದಂಡವನ್ನು ಕಟ್ಟಬೇಕಾದವರೂ ನಾವೇ.

ಈ ಪತ್ರಿಕೆಯನ್ನು ಓದುವವರಲ್ಲಿ ಶಾಲಾ ಆಡಳಿತ ಮಂಡಳಿಯವರಿದ್ದೀರಿ, ಜಾತ್ರಾ ಸಮಿತಿಯವರಿದ್ದೀರಿ, ಪೇಟೆಯಲ್ಲಿ ನಾಲ್ಕು ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರಿದ್ದೀರಿ. ನಿಮ್ಮಲ್ಲಿ ನಮ್ಮ ಕೇಳಿಕೆ ದೊಡ್ಡದಲ್ಲ. ಕರಾರುಪತ್ರವನ್ನು ತೆಗೆದು ನೋಡಿರಿ. ಮಳಿಗೆಯಿಂದ ಹತ್ತಿರದ ಶಾಲೆಗೆ ಹೆಜ್ಜೆ ಎಣಿಸಿರಿ. ಅಂಗಡಿಕಾರನನ್ನು ಓಡಿಸಬೇಡಿರಿ, ವ್ಯಾಪಾರ ಬದಲಿಸಲು ಹೇಳಿ, ಬದಲಿಸುವ ಕಾಲದ ನಷ್ಟವನ್ನು ನೀವು ಹೊರಿರಿ. ಮೂರನೇ ನಂಬರಿಗೆ ನಾವು ಒಂದು ವರ್ಷದ ಮಟ್ಟಿಗೆ ಬಾಡಿಗೆಯನ್ನು ಅರ್ಧಕ್ಕಿಳಿಸಿದ್ದೇವೆ. ಅವನು ಈಗ ತೆಂಗಿನಕಾಯಿ, ಊದುಬತ್ತಿ, ಪಾಟಿ ಪುಸ್ತಕಗಳನ್ನು ಇಟ್ಟಿದ್ದಾನೆ. ವ್ಯಾಪಾರ ಅಷ್ಟಕ್ಕಷ್ಟೇ ಎಂದು ಅವನೇ ಹೇಳುತ್ತಾನೆ. ಎರಡನೆಯ ಅಂಗಡಿಯವನು ಒಪ್ಪದೆ ಮಳಿಗೆ ಬಿಟ್ಟು, ಶಾಲೆಯ ಹಿಂಬದಿಯ ಖಾಸಗಿ ಜಾಗೆಯಲ್ಲಿ ಗೂಡಂಗಡಿ ಇಟ್ಟಿದ್ದಾನೆ. ಅದೂ 100 ಮೀಟರ್ ಒಳಗೇ ಇದೆ. ಆ ಜಾಗೆಯ ಒಡೆಯರು ಮಠದ ಹಿರಿಯ ಭಕ್ತರು, ಪ್ರತಿ ಸೋಮವಾರ ದರ್ಶನಕ್ಕೆ ಬರುತ್ತಾರೆ. ಅವರೊಡನೆ ಮಾತನಾಡಿದ್ದೇವೆ, ನೋಡೋಣ ಎಂದಿದ್ದಾರೆ.

ಈ ವರ್ಷದ ಜಾತ್ರೆಯ ಅಂಗಡಿ ಜಾಗೆಗಳ ಹರಾಜು ಬರುವ ಹುಣ್ಣಿಮೆಯ ಮರುದಿನ ನಡೆಯಲಿದೆ. ತಂಬಾಕಿನ ಯಾವ ಪದಾರ್ಥವನ್ನೂ ಮಾರಕೂಡದು, ಮಾರಿದರೆ ಠೇವಣಿ ಮುಟ್ಟುಗೋಲು ಎಂಬ ಷರತ್ತನ್ನು ಕರಾರಿನಲ್ಲಿ ಸೇರಿಸಲು ನಾವು ಸೂಚಿಸಿದ್ದೇವೆ. ಸಮಿತಿಯ ಇಬ್ಬರು ಹಿರಿಯರು ಇನ್ನೂ ಒಪ್ಪಿಲ್ಲ. ಹರಾಜಿನ ಮೊತ್ತ ಬಿದ್ದುಹೋದರೆ ದಾಸೋಹದ ಖರ್ಚು ತೂಗುವುದು ಹೇಗೆಂದು ಕೇಳುತ್ತಾರೆ. ಕೇಳುವ ಹಕ್ಕು ಅವರಿಗುಂಟು. ಹರಾಜಿನ ಹಿಂದಿನ ದಿನ ಸಂಜೆ ಮಠದ ಪಡಸಾಲೆಯಲ್ಲಿ, ಬಾಗಿಲು ತೆರೆದಿಟ್ಟು, ಈ ವಿಷಯದ ಚರ್ಚೆ ನಡೆಯುತ್ತದೆ. ಖಾತೆಯ ಪುಸ್ತಕಗಳು ಅಲ್ಲಿಯೇ ಇರುತ್ತವೆ.